ಹಲ್ಲಿ ನುಡಿಯದ ಮೂರು ದಿನ

ನಮ್ಮ ನಡುಮನೆಯ ಗೋಡೆಯಲ್ಲಿ ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ ಇದೆ. ಅದರ ಪಕ್ಕಕ್ಕೆ, ನನ್ನ ಎದೆಯ ಎತ್ತರದಲ್ಲಿ, ಮರದ ಹಿಡಿ ಇರುವ ಹಳೇ ಕಾಲದ ದೊಡ್ಡ ಸ್ವಿಚ್ಚು. ಸಿಡಿಲು ಬರುವ ಹಾಗಿದ್ದರೆ ಹಿಡಿಯನ್ನು ಕೆಳಗೆ ಎಳೆಯಬೇಕು. ಮೋಡ ಹೋದ ಮೇಲೆ ಮೇಲಕ್ಕೆ ದೂಡಬೇಕು. ನನ್ನ ತಮ್ಮ ನನಗೆ ಒಪ್ಪಿಸಿದ್ದ ಕೆಲಸ ಇಷ್ಟೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳೂ ಮಾಡಬಹುದಾದ ಕೆಲಸ. ಹನ್ನೆರಡು ವರ್ಷ ಮಾಡಿದೆ. ಒಂದೇ ಒಂದು ಸಲ, ಆಕಾಶದಲ್ಲಿ ತುಣುಕು ಮೋಡವೂ ಇಲ್ಲದ ದಿನ ಹಿಡಿ ಎಳೆದೆ. ತಮ್ಮ ಕೇಳಿ ಕಳಿಸಿದಾಗ ಸುಳ್ಳು ಹೇಳಿದೆ. ಅವನ ಗೆಳೆಯರು ಅವನ ನೆನಪಿಗೆ ಒಂದು ಪುಸ್ತಕ ಮಾಡುತ್ತಿದ್ದಾರೆ. ನೀವೂ ನಾಲ್ಕು ಮಾತು ಬರೆದುಕೊಡಿ ಎಂದು ನನ್ನನ್ನು ಕೇಳಿದ್ದಾರೆ. ನನಗೆ ಬರೆಯಲು ಇರುವುದು ಈ ಒಂದು ಮಾತೇ. ಆದರೆ ಮೊದಲಿಂದ ಹೇಳದೆ ಇದ್ದರೆ ಅದು ಎಂಥ ತಪ್ಪು ಎಂದು ತಿಳಿಯುವುದಿಲ್ಲ.

ನಮ್ಮಪ್ಪ ಕೆ.ಜಿ.ಎಫ್. ಗಣಿಯಲ್ಲಿ ಬೆಲ್ಲು ಹೊಡೆಯುವ ಕೆಲಸದಲ್ಲಿದ್ದ. ಭೂಮಿಯ ಒಳಗೆ ಇಳಿಯುವ ಕೇಜಿನ ಹತ್ತಿರ ಅವನ ಜಾಗ. ಒಂದು ಬೆಲ್ಲು ಅಂದರೆ ನಿಲ್ಲಿಸು, ಎರಡು ಅಂದರೆ ಇಳಿಸು, ಮೂರು ಅಂದರೆ ಕೇಜಿನಲ್ಲಿ ಮನುಷ್ಯರಿದ್ದಾರೆ, ಜೋಪಾನ. ಕೆಳಗಿನಿಂದ ಎಷ್ಟು ಬೆಲ್ಲು ಬರುತ್ತದೋ ಅಷ್ಟನ್ನು ಮೇಲಿನವನು ತಿರುಗಿ ಹೊಡೆದು ಕಳಿಸಬೇಕು. ಕೇಳಿಸಿತು ಅನ್ನುವುದಕ್ಕೆ ಅದು ಗುರುತು. ಅಪ್ಪ ಊಟಕ್ಕೆ ಕೂತಾಗ ನಾವು ತಟ್ಟೆಯ ಅಂಚನ್ನು ಬೆರಳಲ್ಲಿ ಬಡಿದರೆ, ಅವನು ಬಾಯಲ್ಲಿ ಮುದ್ದೆ ಇಟ್ಟುಕೊಂಡೇ ತನ್ನ ತಟ್ಟೆಯನ್ನು ಅಷ್ಟೇ ಸಲ ಬಡಿಯುತ್ತಿದ್ದ. ಆಟವಾಡುತ್ತಾನೆ ಅಂದುಕೊಂಡಿದ್ದೆವು. ಒಂದು ದಿನ ತಮ್ಮ ಬಡಿದಾಗ ನಾನು ತಿರುಗಿ ಬಡಿಯದೆ ಸುಮ್ಮನೆ ನಕ್ಕುಬಿಟ್ಟೆ. ಅಪ್ಪನಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಬೆಲ್ಲು ಬಂದ್ರೆ ತಿರುಗಿಸಿ ಒಡೀಬೇಕು ಕಣಮ್ಮಿ. ಕೆಳಗಿರೋನಿಗೆ ಮೇಲಿನ ದಾರಿ ಅದೊಂದೇಯ."

ಆಗ ತಮ್ಮನಿಗೆ ನಾಲ್ಕೋ ಐದೋ. ನನಗಿಂತ ಎಂಟು ವರ್ಷ ಚಿಕ್ಕವನು. ಅಮ್ಮ ಕೂಲಿಗೆ ಹೋಗುತ್ತಿದ್ದಳು. ಅವನನ್ನು ಎತ್ತಿಕೊಳ್ಳುವುದಕ್ಕೆಂದೇ ನನ್ನನ್ನು ಶಾಲೆ ಬಿಡಿಸಿದ್ದರು. ಹಾಗಾಗಿ ಅವನು ಓದಿದ ಪ್ರತಿಯೊಂದನ್ನೂ ನನಗೆ ಬಂದು ಒಪ್ಪಿಸುತ್ತಿದ್ದ. ಅರ್ಥವಾದರೂ ಸರಿ, ಆಗದಿದ್ದರೂ ಸರಿ.

ಅವನು ಗಣಿಯ ವರ್ಕ್‌ಶಾಪಿಗೆ ಎಲೆಕ್ಟ್ರಿಷಿಯನ್ ಆಗಿ ಸೇರಿದ. ಗಣಿ ಮುಚ್ಚಿದ ಮೇಲೆ ಮಾರ್ಕೆಟ್ಟಿನ ಹತ್ತಿರ ಟಿವಿ, ಮಿಕ್ಸಿ ರಿಪೇರಿಯ ಅಂಗಡಿ ಇಟ್ಟ. ಆ ಹೊತ್ತಿಗೆ ಅವನಿಗೆ ಹ್ಯಾಮ್ ರೇಡಿಯೋದ ಹುಚ್ಚು ಹತ್ತಿತ್ತು. ಇದು ಹಾಡು, ಸಮಾಚಾರ ಬರುವ ರೇಡಿಯೋ ಅಲ್ಲ. ಪರೀಕ್ಷೆ ಪಾಸು ಮಾಡಿ, ಸರ್ಕಾರದಿಂದ ಲೈಸೆನ್ಸ್ ತೆಗೆದುಕೊಂಡು, ಮನೆಯಲ್ಲೇ ಸಣ್ಣ ಸ್ಟೇಷನ್ ಇಟ್ಟುಕೊಂಡು, ದೂರದೂರದವರು ಒಬ್ಬರಿಗೊಬ್ಬರು ಮಾತಾಡುವುದು. ಬಾಯಲ್ಲಿ ಮಾತಾಡಬಹುದು, ಇಲ್ಲದಿದ್ದರೆ ಚಿಕ್ಕ ಸದ್ದು ಉದ್ದ ಸದ್ದು ಸೇರಿಸಿ ಅಕ್ಷರ ಮಾಡಿ ಕಳಿಸಬಹುದು. ತಮ್ಮನಿಗೆ ಎರಡನೆಯದೇ ಇಷ್ಟ. "ಅಪ್ಪನ ಬೆಲ್ಲೇ ಕಣಕ್ಕ ಇದು, ವಸಿ ಓದ್ಕೊಂಡದೆ ಅಷ್ಟೇ" ಅನ್ನುತ್ತಿದ್ದ.

ಅವನು ಇದ್ದದ್ದು ಗಣಿಯವರ ಲೈನ್ ಮನೆಯಲ್ಲಿ. ಗೋಡೆಗೆ ಗೋಡೆ, ತಗಡಿಗೆ ತಗಡು. ಆಂಟೆನಾದ ಕಂಬಿ ಕಟ್ಟಿದರೆ ಪಕ್ಕದವರ ಬಟ್ಟೆ ಹಗ್ಗಕ್ಕೆ ತಗಲುತ್ತಿತ್ತು. ಇವನು ಒತ್ತುವ ಟಿಕ್ ಟಿಕ್ ಪಕ್ಕದ ಮನೆಯ ಟಿವಿಯಲ್ಲಿ ಗೆರೆಗೆರೆಯಾಗಿ ಬರುತ್ತಿತ್ತು. ಸೀರಿಯಲ್ ನಡೆಯುವ ಹೊತ್ತಿಗೆ ಆ ಮನೆಯಾಕೆ ಬಾಗಿಲಿಗೆ ಬಂದು, "ಏನ್ಪಾ, ಎನ್ ಮಾಮಿಯಾರ್ ಅಳುವಾಗ ಉನ್ ರೇಡಿಯೋ ಸಿರಿಕ್ಕಿದು, ಒಂದರ್ಧ ಗಂಟೆ ಬಾಯ್ ಮುಚ್ಚಪ್ಪ" ಎಂದು ತಮಿಳು ಕನ್ನಡ ಎರಡರಲ್ಲೂ ಬೈಯುತ್ತಿದ್ದಳಂತೆ. ಸೀರಿಯಲ್ಲಿನ ಅತ್ತೆ ಅಳುವಾಗ ಇವನ ರೇಡಿಯೋ ನಗುತ್ತದೆ ಎಂದು ಅವಳ ದೂರು.

ನನ್ನನ್ನು ಕೊಟ್ಟಿದ್ದು ಬೂದಿಕೋಟೆಯ ಹತ್ತಿರದ ಒಂದು ಹಳ್ಳಿಗೆ. ಊರಾಚೆ ಬಂಡೆಯ ಪಕ್ಕ ನಮ್ಮ ಮನೆ. ತಮ್ಮ ಒಂದು ಭಾನುವಾರ ಬಂದವನು ಬಂಡೆ ಹತ್ತಿ ನಿಂತು ಬಹಳ ಹೊತ್ತು ಇಳಿಯಲಿಲ್ಲ. ಕೆಳಗೆ ಬಂದು, "ಅಕ್ಕ, ನಿಮ್ಮೂರಿನ ಆಕಾಶ ಖಾಲಿ ಬಿದ್ದದೆ" ಅಂದ.

"ಖಾಲಿ ಇದ್ರೆ ನೀನೇನ್ಲಾ ಉತ್ತೀಯಾ?"

"ಊಂ ಕಣಕ್ಕ. ಊಳೋದು ಇಲ್ಲಿ, ನಾನಿರೋದು ಕೆ.ಜಿ.ಎಫ್.ನಾಗೆ."

ತಮಾಷೆ ಅಂದುಕೊಂಡೆ. ಅವನು ಹೇಳಿದ್ದು ನಿಜ. ಸ್ಟೇಷನ್ ನಮ್ಮ ಮನೆಯಲ್ಲಿ, ಅದನ್ನು ನಡೆಸುವವನು ಅಲ್ಲಿ, ಮಧ್ಯೆ ಇಂಟರ್ನೆಟ್ಟು. ಈಗ ಕೂತಲ್ಲಿಂದಲೇ ಫೋನಿನಲ್ಲಿ ಪಂಪ್‌ಸೆಟ್ ಆನ್ ಮಾಡುವವರಿಗೆ ಇದು ದೊಡ್ಡದಾಗಿ ಕಾಣದು. ಆಗ ನಮ್ಮ ಕಡೆ ಯಾರೂ ಮಾಡಿರಲಿಲ್ಲ. ಎರಡು ವರ್ಷ ಒದ್ದಾಡಿದ. ಬಂಗಾರಪೇಟೆಯ ಗುಜರಿಯಲ್ಲಿ ಲಾರಿಯ ಗಾಜು ಒರೆಸುವ ವೈಪರಿನ ಮೋಟಾರು ಹುಡುಕಿ ತಂದು, ಮನೆಯ ಮೇಲಿನ ಕಂಬಿ ತಿರುಗುವ ಹಾಗೆ ಮಾಡಿದ. ಅದು ಯಾವ ದಿಕ್ಕಿಗೆ ತಿರುಗಿದೆ ಎಂದು ತಿಳಿಯಲು ಹಳೇ ರೇಡಿಯೋದ ಸದ್ದು ಹೆಚ್ಚು ಕಡಿಮೆ ಮಾಡುವ ತಿರುಪನ್ನು ಕಂಬಿಯ ಬುಡಕ್ಕೆ ಕೂರಿಸಿದ. ಮೊದಲು ಟೆಲಿಫೋನ್ ತಂತಿಯಲ್ಲಿ ನಡೆಸಿದ, ಅದು ಕುಂಟುತ್ತಿತ್ತು. ಊರಿಗೆ ಫೈಬರ್ ಬಂದ ಮೇಲೆ ಓಡಿತು. ದೊಡ್ಡ ದೊಡ್ಡ ಊರಿನವರು ಅವನಿಂದ ಕಾಗದದ ಮೇಲೆ ಚಿತ್ರ ಬರೆಸಿಕೊಂಡು ಹೋಗಿ ತಾವೂ ಮಾಡಿದರು. ಹಾಗೆ ಬಂದವರಲ್ಲಿ ಒಬ್ಬರು ಅವನನ್ನು ಗುರು ಅಂದಾಗ ಇವನಿಗೆ ನಾಚಿಕೆಯಾಗಿ, ಕೊಟ್ಟಿಗೆಗೆ ಹೋಗಿ ಹಸುವಿನ ಮೈ ತಿಕ್ಕುತ್ತಾ ನಿಂತುಬಿಟ್ಟ.

ಪೆಟ್ಟಿಗೆ ಮೊದಲು ನುಡಿದ ದಿನ ಮನೆಯಲ್ಲಿ ನಾನು, ನಮ್ಮತ್ತೆ ಇಬ್ಬರೇ. ತಮ್ಮ ತನ್ನ ಮನೆಯಲ್ಲಿ ಕೂತು ಏನೋ ಒತ್ತಿದ್ದಾನೆ. ಇಲ್ಲಿ ಪೆಟ್ಟಿಗೆಯೊಳಗೆ ಲೊಚ್ ಲೊಚ್ ಎಂದು ಸದ್ದಾಯಿತು. ರಿಲೇ ಅನ್ನುವ ಸಣ್ಣ ಸಾಮಾನು ಬಡಿದುಕೊಳ್ಳುವ ಸದ್ದು ಅದು. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದವರು ಕೈ ನಿಲ್ಲಿಸಿ, ಬೆರಳಿನಿಂದ ನೆಲ ಕುಟ್ಟಿ, "ಕೃಷ್ಣ ಕೃಷ್ಣ" ಅಂದರು. ಹಲ್ಲಿ ನುಡಿದರೆ ನಮ್ಮಲ್ಲಿ ಹಾಗೆ ಮಾಡುವುದು. ಮತ್ತೆ ಲೊಚ್ ಅಂತು. ಮತ್ತೆ ಕುಟ್ಟಿದರು. ನಿಲ್ಲದೆ ಹತ್ತು ಹದಿನೈದು ಸಲ ಆದ ಮೇಲೆ ಅತ್ತೆಗೆ ಗಾಬರಿಯಾಯಿತು.

"ಏನಮ್ಮಿ ಇದು, ಈಪಾಟಿ ಶಕುನ! ಯಾವ್ ದಿಕ್ಕಲ್ಲಿ ನುಡೀತು ನೋಡು."

ಫೋನು ಬಂತು. ತಮ್ಮ ಕೇಳಿದ: "ಅಕ್ಕ, ಸದ್ದು ಬಂತಾ?"

"ಅಲ್ಲಿ ನುಡೀತು ಕಣ್ಲಾ."

"ಎಲ್ಲಿ?"

"ಅಲ್ಲಿ ಕಣೋ, ಅಲ್ಲಿ! ಗೋಡೆ ಮ್ಯಾಲಿರೋ ಅಲ್ಲಿ!"

ನಮ್ಮ ಕಡೆಯವರ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಹಲ್ಲಿಗೂ ಅಲ್ಲಿ, ಅಲ್ಲಿಗೂ ಅಲ್ಲಿ. ಅವನಿಗೆ ಅರ್ಥವಾಗಿ ಫೋನಿನಲ್ಲೇ ಬಿದ್ದು ಬಿದ್ದು ನಕ್ಕ. "ಸರಿಯಾಗೇ ಯೋಳ್ದೆ ಕಣಕ್ಕ. ನಾನು ಇಲ್ಲಿ, ನನ್ ಮಾತು ಅಲ್ಲಿ" ಅಂದ. ಅವತ್ತಿನಿಂದ ಸ್ಟೇಷನ್ನಿಗೆ ನಮ್ಮಿಬ್ಬರ ಮನೆಯಲ್ಲೂ ಹಲ್ಲಿ ಎಂದೇ ಹೆಸರಾಯಿತು. ಅವನ ಹೆಂಡತಿ ತಮಿಳಿನವಳು, ಅವಳು ಪಲ್ಲಿ ಅಂದಳು. ಮಗ್ಗುಲ ಊರಿನಿಂದ ತಂತಿ ಎಳೆಯಲು ಬಂದಿದ್ದ ತೆಲುಗಿನವನು ಬಲ್ಲಿ ಅಂದ. ಯಾವ ಮಾತಿನಲ್ಲಿ ಕರೆದರೂ ಅದು ನುಡಿಯುತ್ತಿತ್ತು.

ಸ್ವಿಚ್ಚಿನ ಕೆಳಗೆ ಅವನು ಇನ್ನೊಂದು ಕೂರಿಸಿದ. ಬಾಗಿಲಿಗೆ ಹಾಕುವ ಕಾಲಿಂಗ್ ಬೆಲ್ಲಿನ ಗುಂಡಿ. ಅದನ್ನು ಒತ್ತಿದರೆ ಕೆ.ಜಿ.ಎಫ್.ನಲ್ಲಿ ಅವನ ಕಂಪ್ಯೂಟರಿನ ಮೇಲೆ ಒಂದು ಹಸಿರು ಚುಕ್ಕೆ ಹತ್ತುತ್ತಿತ್ತು. ಇದು ಸ್ಟೇಷನ್ನಿಗೆ ಬೇಕಾದದ್ದಲ್ಲ, ನನಗೋಸ್ಕರ ಮಾಡಿದ್ದು. ಬೆಳಿಗ್ಗೆ ನಾನು ಡೇರಿಗೆ ಹಾಲು ಹಾಕಿ ಕ್ಯಾನು ತೊಳೆಯುವ ಹೊತ್ತಿಗೆ ಸರಿಯಾಗಿ ಹಲ್ಲಿ ಒಂದು ಚಿಕ್ಕದು, ಒಂದು ಉದ್ದದ್ದು ನುಡಿಯುತ್ತಿತ್ತು. ಅವರ ಬರಹದಲ್ಲಿ ಅದು ಅ ಅಂತೆ. ಅಕ್ಕನ ಅ. ನಾನು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಗುಂಡಿ ಒತ್ತುತ್ತಿದ್ದೆ. ಅಲ್ಲಿಗೆ ಚುಕ್ಕೆ. ಬೆಲ್ಲು ಬಂತು, ತಿರುಗಿಸಿ ಹೊಡೆದಾಯಿತು. ಆಮೇಲೆ ಅವನು ತನ್ನ ಗೆಳೆಯರನ್ನು ಮಾತಾಡಿಸುವನು, ನಾನು ಸಗಣಿ ಬಾಚಲು ಹೋಗುವೆನು.

ಗೆಳೆಯರಲ್ಲಿ ಒಬ್ಬರು ಕಣ್ಣು ಕಾಣದ ಮೇಷ್ಟ್ರು. ಎಲ್ಲೋ ಬಯಲುಸೀಮೆಯ ದೂರದ ಊರು. ಇಬ್ಬರೂ ದಿನಾ ಬೆಳಿಗ್ಗೆ ಟಿಕ್ ಟಿಕ್ ಎಂದು ಅರ್ಧ ಗಂಟೆ ಹರಟುತ್ತಿದ್ದರು. ಏನು ಮಾತಾಡ್ತೀರೋ ದಿನಾಲೂ ಎಂದು ಕೇಳಿದರೆ, "ಅವರು ಅವರೂರ ಗಾಳಿ ಯಾವ ಕಡೆ ಬೀಸ್ತಾ ಅದೆ ಅಂತ ಯೋಳ್ತಾರೆ, ನಾನು ನಮ್ಮೂರಲ್ಲಿ ನೀರು ಬಂತಾ ಇಲ್ವಾ ಅಂತ ಯೋಳ್ತೀನಿ" ಅನ್ನುತ್ತಿದ್ದ. ಅಷ್ಟಕ್ಕೆ ಇಷ್ಟೊಂದು ತಂತಿಯೇ ಎಂದು ನಗುತ್ತಿದ್ದೆ.

ತಮ್ಮನ ಗಂಟಲಿಗೆ ಕಾಯಿಲೆ ಬಂತು. ಆಪರೇಷನ್ ಆಗಿ ಪ್ರಾಣ ಉಳಿಯಿತು, ದನಿ ಉಳಿಯಲಿಲ್ಲ. ಕತ್ತಿನ ಬುಡದಲ್ಲಿ ಉಸಿರಾಡಲು ತೂತು. ಮನೆಗೆ ಬಂದ ಮೇಲೆ ಹೆಂಡತಿಯ ಕೈಲಿ ಮೊದಲು ಕೇಳಿದ್ದು ರೇಡಿಯೋದ ಕೀಯನ್ನು, ಅಂದರೆ ಬೆರಳಿನಿಂದ ಒತ್ತುವ ಸಣ್ಣ ಹಿಡಿಯನ್ನು. ಮಂಚದ ಪಕ್ಕ ಅದನ್ನು ಇಡಿಸಿಕೊಂಡ. ಬೇರೆಯವರು ಅವನೊಡನೆ ಮಾತಾಡುವಾಗ ಸನ್ನೆ, ಚೀಟಿ, ಫೋನಿನಲ್ಲಿ ಟೈಪು. ಎಲ್ಲರಿಗೂ ಅರ್ಧ ಮಾತಿಗೇ ಸಾಕಾಗುತ್ತಿತ್ತು. ಆ ಕೀ ಒತ್ತುವಾಗ ಮಾತ್ರ ಅವನು ಮೊದಲಿನ ಹಾಗೆಯೇ, ಒಂದು ಅಕ್ಷರವೂ ಕಡಿಮೆಯಿಲ್ಲದೆ ಮಾತಾಡುತ್ತಿದ್ದ. ನಾನು ನೋಡಲು ಹೋದಾಗ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದ: "ನನ್ನ ಗಂಟಲು ಈಗ ನಿಮ್ಮ ಮನೆಯಲ್ಲಿದೆ. ನೋಡಿಕೊ."

ಅವನು ಇಷ್ಟು ಹೇಳಿದ ಮೇಲೂ ನಾನು ಹಿಡಿ ಎಳೆದೆ.

ಗಂಡ ತೀರಿಕೊಂಡ ಮೇಲೆ ನನ್ನ ಬದುಕು ಎರಡು ಹಸುಗಳ ಮೇಲೆ ನಡೆಯುತ್ತಿತ್ತು. ದೊಡ್ಡದು ಹಿಂದಿನ ಸಲ ಏಳು ತಿಂಗಳಿಗೇ ಕಂದು ಹಾಕಿತ್ತು. ಈ ಸಲ ದಿನ ತುಂಬಿತ್ತು. ಮಾಘ ಮಾಸ, ಚಳಿ ಇನ್ನೂ ಇತ್ತು. ಡೇರಿಯ ಸಾಲಿನಲ್ಲಿ ನಿಂತಾಗ ಹಿಂದಿನವಳು ನನ್ನ ಸೊಂಟಕ್ಕೆ ತಿವಿದಳು. ಊರಿನವಳೇ, ನನಗೆ ವರಸೆಯಲ್ಲಿ ಅತ್ತಿಗೆಯಾಗಬೇಕು.

"ಅಲ್ವೇ, ಈ ಸಲನಾದ್ರೂ ಕರ ನಿಲ್ಲಿಸ್ಕೊಂತೀಯೋ ಇಲ್ವೋ? ನಿನ್ ತಮ್ಮನ ಕಡ್ಡಿ ಆಕಾಶಕ್ಕೆ ಮಾತಾಡ್ತದೆ, ನಿನ್ ಅಸ ನೆಲಕ್ಕೆ ಆಕ್ತದೆ."

"ಸುಮ್ಕಿರೇ, ಅದಕ್ಕೂ ಇದಕ್ಕೂ ಏನು?"

"ಟವರ್ ಇರೋ ಕಡೆ ಗುಬ್ಬಿನೇ ಇಲ್ಲ ಅಂತಾರೆ. ಗುಬ್ಬಿ ಅಂಗೆ ಓದ್ರೆ ಕರ ಎಂಗೆ ನಿಲ್ತದೆ? ನಿನ್ ಕೊಟ್ಟಿಗೆ ನೆತ್ತಿ ಮ್ಯಾಲೇ ಗರ್ರ್ ಅಂತ ತಿರುಗ್ತದೆ. ಈಯೋಗಂಟ ಒಂದೆಲ್ಡು ದಿನ ನಿಲ್ಲಿಸೇ. ನಿಮ್ಮಪ್ಪನ ಗಂಟೇನೋಯ್ತದೆ?"

ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಕ್ಯಾನು ತೊಳೆಯುತ್ತಿದ್ದಾಗ ಹಲ್ಲಿ ನುಡಿಯಿತು, ಒಂದು ಚಿಕ್ಕದು, ಒಂದು ಉದ್ದದ್ದು. ಗುಂಡಿ ಒತ್ತಿದೆ. ಮೇಲೆ ಕಂಬಿ ಗರ್ರ್ ಎಂದು ತಿರುಗಿತು. ಕೊಟ್ಟಿಗೆಯಲ್ಲಿ ಹಸು ಕಿವಿ ನಿಮಿರಿಸಿ ತಲೆ ಎತ್ತಿತು. ಹುಟ್ಟಿದಾಗಿನಿಂದ ಆ ಸದ್ದು ಕೇಳಿಕೊಂಡು ಬೆಳೆದ ಹಸು ಅದು. ನೊಣ ಬಂದರೂ ಹಾಗೇ ತಲೆ ಎತ್ತುತ್ತದೆ. ಆದರೆ ಅವತ್ತು ನನ್ನ ಕಣ್ಣಿಗೆ ಅದು ಬೆದರಿದ ಹಾಗೆ ಕಂಡಿತು. ಅವರ ಅರ್ಧ ಗಂಟೆಯ ಮಾತು ಮುಗಿಯುವವರೆಗೆ ಕಾದೆ. ಆಮೇಲೆ ಹಿಡಿಯನ್ನು ಕೆಳಗೆ ಎಳೆದೆ.

ಇವತ್ತು ಸಂಜೆಯೋ ನಾಳೆಯೋ ಈಯುತ್ತದೆ, ತಮ್ಮನಿಗೆ ಗೊತ್ತಾಗುವ ಮೊದಲೇ ಮೇಲಕ್ಕೆ ದೂಡಿಬಿಡುತ್ತೇನೆ ಅಂದುಕೊಂಡೆ. ಈಯಲಿಲ್ಲ. ಮಾರನೆಯ ಬೆಳಿಗ್ಗೆ ತಮ್ಮನ ಹೆಂಡತಿಯ ಫೋನು.

"ಅಕ್ಕಾ, ಪಲ್ಲಿ ಪೇಸಲಯಾಂ, ನುಡೀತಿಲ್ವಂತೆ. ಇವರು ಕೇಳ್ತಾವ್ರೆ."

ನಿಜ ಹೇಳಬಹುದಿತ್ತು. ಹಸು ಈಯಲಿ ಕಣಮ್ಮ, ಎರಡು ದಿನ ತಡಿ ಎಂದರೆ ತಮ್ಮ ಬೇಡ ಅನ್ನುತ್ತಿರಲಿಲ್ಲ. ಒಳಗೆ ನಕ್ಕರೂ ನಗುತ್ತಿದ್ದ. ಅವನು ನಗುತ್ತಾನೆಂದೇ ನನಗೆ ಹೇಳಲಾಗಲಿಲ್ಲ. ಓದಿದ ತಮ್ಮ, ಎಲ್ಲರೂ ಗುರು ಅನ್ನುವ ತಮ್ಮ, ಅವನ ಸ್ಟೇಷನ್ನಿನಿಂದ ಹಸು ಕಂದು ಹಾಕುತ್ತದೆ ಎಂದು ಅವನ ಅಕ್ಕನೇ ನಂಬಿದಳು ಎಂದು ಅವನಿಗೆ ಗೊತ್ತಾಗುವುದು ಬೇಡವಾಗಿತ್ತು. ಹಳ್ಳಿಯಲ್ಲಿ ಯಾರೂ ಅನುಮಾನಿಸದ ಒಂದು ಮಾತಿದೆ. ಅದನ್ನೇ ಹೇಳಿದೆ.

"ಕರೆಂಟಿಲ್ಲ ಕಣಮ್ಮ. ಲೈನ್‌ಮ್ಯಾನಿಗೆ ಯೋಳಿವ್ನಿ."

ಇದನ್ನು ಹೇಳುವಾಗ ಫೋನು ಚಾರ್ಜಿಗೆ ಸಿಕ್ಕಿಸಿಯೇ ಇತ್ತು.

ಎರಡನೆಯ ದಿನವೂ ಕೇಳಿದಳು. "ಇನ್ನೂ ಬರಲಿಲ್ವಾ ಅಕ್ಕಾ? ಸುಮ್ನೆ ಕೀ ಮೇಲೆ ಬೆರಳಿಟ್ಕೊಂಡು ಕೂತವ್ರೆ. ಊಟ ಅಂದ್ರೆ ಬೇಡ ಅಂತಾರೆ." ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಎಂದೆ. ಒಂದು ಸುಳ್ಳಿಗೆ ಇನ್ನೊಂದು ಕಂಬ ಕೊಟ್ಟೆ. ಮೂರನೆಯ ದಿನ ಫೋನು ಬರಲಿಲ್ಲ. ಮಧ್ಯಾಹ್ನ ಹಸು ಈಯಿತು. ಹೆಣ್ಣುಗರು, ಹಣೆಯಲ್ಲಿ ಬಿಳಿ ಬೊಟ್ಟು. ಕರುವಿನ ಹಿಂದೆ ಬರುವ ಸತ್ತೆ ಬೀಳುವುದಕ್ಕೆ ಕಾದೆ, ಬೆಲ್ಲ ಮೆಂತ್ಯ ಬೇಯಿಸಿ ತಿನ್ನಿಸಿದೆ, ಗಿಣ್ಣು ಹಾಲು ಕರೆದೆ. ಹಿಡಿ ನೆನಪಿತ್ತು. ಹೇಗೂ ಅವನು ಕರೆಯುವುದು ಬೆಳಿಗ್ಗೆ ತಾನೇ, ಬೆಳಿಗ್ಗೆಯೇ ದೂಡೋಣ ಎಂದುಕೊಂಡೆ. ಕರುವಿಗೆ ಇನ್ನೂ ಒಂದು ದಿನವಾದರೂ ಆಗಲಿ ಎಂಬ ಆಸೆಯೂ ಇತ್ತು. ಇದನ್ನು ಮುಚ್ಚಿಡುವುದಿಲ್ಲ.

ಬೆಳಿಗ್ಗೆ ಡೇರಿಯಿಂದ ಬಂದವಳೇ ಹಿಡಿಯನ್ನು ಮೇಲಕ್ಕೆ ದೂಡಿದೆ. ಪೆಟ್ಟಿಗೆ ಎಚ್ಚರವಾಗುವಾಗ ತನ್ನಷ್ಟಕ್ಕೆ ನಾಲ್ಕು ಸಲ ಲೊಚಗುಟ್ಟುತ್ತದೆ. ಲೊಚಗುಟ್ಟಿತು. ಕ್ಯಾನು ತೊಳೆದೆ. ತಂಬಿಗೆಯಲ್ಲಿ ಗಿಣ್ಣು ಎತ್ತಿಟ್ಟಿದ್ದೆ. ಅವನಿಗೆ ನುಂಗಲಾಗದು, ನಾಲಿಗೆಗೆ ಸವರಿದರೂ ಸಾಕು, ಮಧ್ಯಾಹ್ನದ ಬಸ್ಸಿಗೆ ಬಂಗಾರಪೇಟೆಗೆ ಹೋಗಿ ಅಲ್ಲಿಂದ ಕೆ.ಜಿ.ಎಫ್.ಗೆ ಹೋಗೋಣವೆಂದು. ಚಿಕ್ಕದು, ಉದ್ದದ್ದು ಬರಲಿಲ್ಲ. ಹೊತ್ತಾಯಿತು. ನಾನೇ ಗುಂಡಿ ಒತ್ತಿದೆ. ಎಂದೂ ನಾನು ಮೊದಲು ಒತ್ತಿದವಳಲ್ಲ. ಮತ್ತೆ ಒತ್ತಿದೆ. ಮೂರು ಸಲ. ಅಪ್ಪನ ಲೆಕ್ಕದಲ್ಲಿ ಮೂರು ಅಂದರೆ ಮನುಷ್ಯರಿದ್ದಾರೆ.

ಆಗ ಫೋನು ಬಂತು. ಬೆಳಗಾಗುವ ಹೊತ್ತಿಗೆ ಹೋಗಿಬಿಟ್ಟಿದ್ದ.

ಕಾಯಿಲೆ ಮರಳಿ ಬಂದಿತ್ತು, ಹೇಗೂ ಹೋಗುವವನೇ ಎಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ನಾನು ಹಿಡಿ ಎಳೆದದ್ದರಿಂದ ಹೋದ ಅಂದುಕೊಳ್ಳುವಷ್ಟು ದಡ್ಡಿ ನಾನಲ್ಲ. ಆದರೆ ಅವನ ಕೊನೆಯ ಮೂರು ದಿನ ಅವನಿಗೆ ಗಂಟಲಿರಲಿಲ್ಲ. ಅದು ನನ್ನ ಕೈಯಲ್ಲಿತ್ತು. ಆಮೇಲೆ ಕೆಲವು ತಿಂಗಳಿಗೆ ದನದ ಡಾಕ್ಟರು ಊರಿಗೆ ಬಂದು ರಕ್ತ ಪರೀಕ್ಷೆ ಮಾಡಿ, ಹಿಂದಿನ ಸಲ ಕಂದು ಹಾಕಿದ್ದಕ್ಕೆ ಕಾರಣ ಒಂದು ರೋಗ, ಊರಲ್ಲಿ ಬೇರೆ ಹಸುಗಳಿಗೂ ಬಂದಿದೆ ಅಂದರು. ಸಾಲಿನಲ್ಲಿ ನನ್ನನ್ನು ತಿವಿದವಳ ಹಸುವಿಗೂ ಇತ್ತು. ಅವಳ ಮನೆಯ ಮೇಲೆ ಯಾವ ಕಡ್ಡಿಯೂ ಇಲ್ಲ.

ವರ್ಷ ತುಂಬಿದಾಗ ಅವನ ರೇಡಿಯೋ ಗೆಳೆಯರು ಬಂಗಾರಪೇಟೆಯಲ್ಲಿ ಒಂದು ಸಣ್ಣ ಹಾಲ್‌ನಲ್ಲಿ ಸೇರಿದರು. ಇಲ್ಲಿಯವರು, ಬೆಂಗಳೂರಿನಿಂದ ರೈಲಿನಲ್ಲಿ ಬಂದವರು. ತೀರಿಕೊಂಡ ಹ್ಯಾಮಿಗೆ ಅವರಲ್ಲಿ ಸೈಲೆಂಟ್ ಕೀ ಎಂದು ಹೇಳುತ್ತಾರೆ. ಸದ್ದಿಲ್ಲದ ಕೀ. ಆ ಮಾತು ಬಂದಾಗಲೆಲ್ಲ ನನ್ನ ಕಣ್ಣ ಮುಂದೆ ಮರದ ಹಿಡಿ ಬರುತ್ತಿತ್ತು. ಕಣ್ಣು ಕಾಣದ ಮೇಷ್ಟ್ರೂ ಬಂದಿದ್ದರು. ಮೈಕು ಹಿಡಿದು ಮೆಲ್ಲಗೆ ಹೇಳಿದರು: "ಕೊನೆಯ ಮೂರು ದಿನ ನಾನು ಕರೆದೆ. ಉತ್ತರ ಬರಲಿಲ್ಲ. ಆಮೇಲೆ ತಿಳಿಯಿತು, ಅಲ್ಲಿ ಕರೆಂಟಿರಲಿಲ್ಲವಂತೆ. ಹಳ್ಳಿಯ ಕಷ್ಟ ನಮಗೂ ಗೊತ್ತು. ಆ ತಾಯಿ ಎಷ್ಟು ಒದ್ದಾಡಿದ್ದಾರೋ." ಎಲ್ಲರೂ ನನ್ನ ಕಡೆ ತಿರುಗಿದರು. ಆಮೇಲೆ ನನ್ನನ್ನು ವೇದಿಕೆಗೆ ಕರೆದು, ಸಿಡಿಲಿನ ಹೊತ್ತು ಬಿಟ್ಟರೆ ಒಂದು ದಿನವೂ ಸ್ಟೇಷನ್ ಆರಿಸದ ಅಕ್ಕ ಎಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ತಲೆಗೆ ಪೇಟ ಇಟ್ಟರು. ಪೇಟ ದೊಡ್ಡದಾಗಿ ಕಿವಿಯ ಮೇಲೆ ಕೂತಿತು. ಚಪ್ಪಾಳೆ ಅರ್ಧ ಕೇಳಿಸಿತು. ನಿಜ ಹೇಳದೆ ವೇದಿಕೆ ಇಳಿದೆ. ಬಸ್ಸಿನಲ್ಲಿ ಬರುವಾಗ ಶಾಲನ್ನು ಮಡಚಿ ಹಣ್ಣಿನ ಕೆಳಗೆ ಇಟ್ಟುಕೊಂಡಿದ್ದೆ. ಪಕ್ಕದಲ್ಲಿದ್ದ ಹೆಂಗಸು, "ಏನಕ್ಕಾ ಸನ್ಮಾನನಾ?" ಎಂದು ಕೇಳಿದ್ದಕ್ಕೆ, "ಇಲ್ಲ, ಬೀಗರ ಮನೇಲಿ ಕೊಟ್ರು" ಅಂದೆ.

ಸ್ಟೇಷನ್ ನಿಲ್ಲಿಸುವುದು ಬೇಡ ಎಂದು ಅವರು ತೀರ್ಮಾನಿಸಿದ್ದರು. ಅದರ ಉಸ್ತುವಾರಿಯನ್ನು ಬಂಗಾರಪೇಟೆಯ ಒಬ್ಬರು ವಹಿಸಿಕೊಂಡರು. ರೈಲ್ವೆಯ ಸಿಗ್ನಲ್ ಕೆಲಸದಲ್ಲಿದ್ದು ನಿವೃತ್ತರಾದವರು, ತಮ್ಮನ ಹಳೇ ಗೆಳೆಯರು. ಅವರು ಎರಡು ವರ್ಷ ಅದನ್ನು ನಡೆಸಿದ ಮೇಲೆ, ಹೋದ ತಿಂಗಳು, ಒಂದು ಸ್ಟೀಲಿನ ಫಲಕ ತಂದರು. 'ಎಂದೂ ಆರದ ಸ್ಟೇಷನ್' ಎಂದು ಕೆತ್ತಿಸಿದ್ದರು. ಗೋಡೆಗೆ ಹೊಡೆಯಲು ಮೊಳೆಯನ್ನೂ ತಂದಿದ್ದರು. ಹೊಡೆಯುವ ಮೊದಲು ಪೆಟ್ಟಿಗೆ ತೆಗೆದು ಒಳಗೆ ಧೂಳು ಒರೆಸಿದರು. ಪೆಟ್ಟಿಗೆಯ ತಳದಲ್ಲಿ ಕಾರಿನದಂಥ ಒಂದು ಬ್ಯಾಟರಿ ಇದೆ. ನಾನು ಅದನ್ನು ಯಾವಾಗಲೂ ನೋಡಿದ್ದೆ, ಭಾರಕ್ಕೆ ಇಟ್ಟಿದ್ದಾನೆ ಅಂದುಕೊಂಡಿದ್ದೆ.

"ಇದು ಯಾಕಣ್ಣ?" ಎಂದು ಕೇಳಿದೆ.

"ಇದಾ? ನಿಮ್ಮೂರ ಕರೆಂಟು ನಂಬೋ ಆಸಾಮಿನೇನಮ್ಮ ಅವನು? ಕರೆಂಟು ಹೋದ್ರೆ ಎರಡು ದಿನ ಇದರ ಮೇಲೇ ಓಡ್ತದೆ. ಹೋಯ್ತು ಅಂತ ಅವನ ಕಂಪ್ಯೂಟರಿಗೆ ತಾನೇ ಹೇಳ್ತದೆ. ಪೂರಾ ಸದ್ದಡಗಬೇಕು ಅಂದ್ರೆ ಆ ಹಿಡಿ ಎಳೀಬೇಕು, ಅಷ್ಟೇ."

ಕರೆಂಟು ಹೋದ ಬೆಳಿಗ್ಗೆಗಳಲ್ಲೂ ಹಲ್ಲಿ ನುಡಿದದ್ದನ್ನು ನಾನು ಎಂದೂ ಗಮನಿಸಿರಲಿಲ್ಲ. ಕರೆಂಟಿಲ್ಲ ಎಂದು ಲೋಕದಲ್ಲಿ ಯಾರಿಗೆ ಬೇಕಾದರೂ ಹೇಳಿ ನಂಬಿಸಬಹುದಿತ್ತು, ತಮ್ಮನೊಬ್ಬನನ್ನು ಬಿಟ್ಟು. ಮೊದಲನೆಯ ದಿನವೇ ಅವನಿಗೆ ಗೊತ್ತಿತ್ತು.

ಅವರು ಚೀಲದಿಂದ ತಮ್ಮನ ನೋಟು ಪುಸ್ತಕ ತೆಗೆದರು. ಯಾವ ದಿನ ಯಾರ ಜೊತೆ ಮಾತಾಡಿದೆ ಎಂದು ಹ್ಯಾಮ್‌ಗಳು ತಪ್ಪದೆ ಬರೆದಿಡುವ ಪುಸ್ತಕ. ಎಲ್ಲ ಇಂಗ್ಲಿಷು, ಅಂಕಿ. ಅದು ನನಗೆ ಓದಲು ಬರುವುದಿಲ್ಲ. ಕೊನೆಯ ಪುಟದಲ್ಲಿ ಮಾತ್ರ ಮೂರು ಸಾಲು ಕನ್ನಡ.

ಮೊದಲ ದಿನ: ಅಲ್ಲಿ ಕರೆಂಟಿಲ್ಲ.

ಎರಡನೆಯ ದಿನ: ಅಲ್ಲಿ ಕರೆಂಟಿಲ್ಲ.

ಮೂರನೆಯ ದಿನ: ಅಲ್ಲಿ ಕರೆಂಟಿಲ್ಲ. ಹಸು ಈಯಿತಾ ಕೇಳಬೇಕು.

ಹಸು ದಿನ ತುಂಬಿದ್ದು ಅವನಿಗೆ ಹೇಗೆ ಗೊತ್ತೋ. ಹೆಂಡತಿಯ ಹತ್ತಿರ ಎಂದೋ ಆಡಿದ್ದೆನೇನೋ. ಸುಳ್ಳು ಬರೆಯಬಾರದ ಪುಸ್ತಕದಲ್ಲಿ ನನ್ನ ಸುಳ್ಳನ್ನು ತಾನೇ ಬರೆದುಕೊಂಡಿದ್ದ. ಕ್ಷಮಿಸಿ ಬರೆದನೋ, ತಮಾಷೆಗೆ ಬರೆದನೋ, ಬೆರಳಿಗೆ ಬೇರೆ ಕೆಲಸವಿಲ್ಲದೆ ಬರೆದನೋ ನನಗೆ ಇವತ್ತಿಗೂ ಗೊತ್ತಿಲ್ಲ.

ರೈಲ್ವೆಯವರು ಸುತ್ತಿಗೆ ಎತ್ತಿದ್ದರು. "ಆ ಫಲಕ ಒಡೀಬೇಡಿ ಅಣ್ಣ" ಅಂದೆ. ಆಮೇಲೆ ಎಲ್ಲವನ್ನೂ ಹೇಳಿದೆ, ಡೇರಿಯ ಸಾಲಿನಿಂದ ಗಿಣ್ಣಿನ ತಂಬಿಗೆಯವರೆಗೆ. ಅವರು ಕೆಳಗೆ ಕೂತರು. ಸುತ್ತಿಗೆಯನ್ನು ಚೀಲಕ್ಕೆ ಹಾಕಿದರು. ಪರವಾಗಿಲ್ಲ ಬಿಡಮ್ಮ ಅನ್ನಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ.

"ನಮ್ಮ ಇಲಾಖೇಲಿ ಒಂದು ಮಾತಿತ್ತು" ಅಂದರು. "ಸಿಗ್ನಲ್ ಕೊಟ್ಟಿದ್ದು ಬರೀದಿದ್ರೂ ನಡೀತದೆ, ಕೊಡದೆ ಇದ್ದಿದ್ದು ಮಾತ್ರ ಬರೀಲೇಬೇಕು. ಯಾಕೆ ಅಂತಲೂ ಬರೀಬೇಕು." ಪೆನ್ನು ಬಿಚ್ಚಿ ಪುಸ್ತಕದ ಜೊತೆ ನನ್ನ ಮುಂದೆ ಇಟ್ಟರು.

ತಮ್ಮನ ಮೂರು ಸಾಲುಗಳ ಕೆಳಗೆ ಜಾಗವಿತ್ತು. ನಾನು ಕಷ್ಟಪಟ್ಟು ಬರೆದೆ: "ಮೂರು ದಿನವೂ ಕರೆಂಟಿತ್ತು. ಹಸುವಿಗೆ ಆಗುವುದಿಲ್ಲ ಎಂದು ನಾನೇ ಹಿಡಿ ಎಳೆದೆ. ಹೆಣ್ಣುಗರು." ಹೆಣ್ಣುಗರು ಎಂದು ಯಾಕೆ ಬರೆದೆನೋ, ಅವನು ಕೇಳಬೇಕು ಅಂದಿದ್ದನಲ್ಲ, ಅದಕ್ಕೆ ಉತ್ತರ.

ಫಲಕ ವಾಪಸು ಹೋಯಿತು. ಶಾಲನ್ನೂ ಅವರ ಕೈಲೇ ಕೊಟ್ಟು, ಎಲ್ಲರಿಗೂ ಹೇಳಿ ಅಂದೆ. ಶಾಲು ಇರಲಿ, ಹೇಳುವುದನ್ನು ನೀವೇ ಪುಸ್ತಕಕ್ಕೆ ಬರೆದುಕೊಡಿ, ಮೇಷ್ಟ್ರಿಗೆ ನಾನು ಓದಿ ಹೇಳ್ತೀನಿ ಅಂದರು. ಅದು ಈ ಬರಹ. ಓದಿದ ಮೇಲೂ ಸ್ಟೇಷನ್ನನ್ನು ನನ್ನ ಕೈಯಲ್ಲೇ ಬಿಡಬೇಕೋ ಬೇಡವೋ ಅವರು ನೋಡಿಕೊಳ್ಳಲಿ. ಬೇರೆ ಮನೆಗೆ ಒಯ್ದರೆ ನನ್ನದೇನೂ ತಕರಾರಿಲ್ಲ.

ಒಯ್ಯುವವರೆಗೆ ಹಿಡಿ ಮೇಲೇ ಇರುತ್ತದೆ. ಆ ಕರು ಈಗ ಹಸುವಾಗಿ, ದಿನ ತುಂಬಿ, ಅದೇ ಕೊಟ್ಟಿಗೆಯಲ್ಲಿ ನಿಂತಿದೆ. ಮೇಲೆ ಕಂಬಿ ತಿರುಗಿದಾಗ ತಲೆ ಎತ್ತುತ್ತದೆ, ಮತ್ತೆ ಮೇವಿಗೆ ಬಾಯಿ ಹಾಕುತ್ತದೆ. ಇವತ್ತು ಬೆಳಿಗ್ಗೆ ಕ್ಯಾನು ತೊಳೆಯುತ್ತಿದ್ದಾಗ ಯಾರೋ ಎಲ್ಲಿಂದಲೋ ಇಂಟರ್ನೆಟ್ಟಿನಲ್ಲಿ ಸ್ಟೇಷನ್ನಿಗೆ ಬಂದರು, ಹಲ್ಲಿ ನುಡಿಯಿತು. ಯಾರೆಂದು ತಿಳಿಯದು, ಹಸಿರು ಚುಕ್ಕೆ ಅವರಿಗೆ ಕಾಣುತ್ತದೋ ಇಲ್ಲವೋ ಅದೂ ತಿಳಿಯದು. ಕೈ ಒರೆಸಿಕೊಂಡು ಹೋಗಿ ಗುಂಡಿ ಒತ್ತಿದೆ.